ಯಂತ್ರದ ಎಚ್ಚರ, ಮನುಷ್ಯನ ಪ್ರಮಾದ

ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಹೋಗುವ ದಾರಿ ಸುಮಾರು ೫೫ ಕಿಲೋಮೀಟರು. ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ ೧೫೦ಎ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡು ಅದು. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು. ಮಸ್ಕಿಯ ಬಳಿ ಬೋಳು ಗುಡ್ಡ ಬಂಡೆಗಳು. ಲಿಂಗಸುಗೂರು ಸೀಮೆಯಲ್ಲಿ ಹಟ್ಟಿಯ ಚಿನ್ನದ ಗಣಿ. ಈ ದಾರಿ ಕಾರುಗಳಿಗಷ್ಟೇ ಸೇರಿದ್ದಲ್ಲ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರು, ಕೂಲಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ, ಸುಗ್ಗಿಯಲ್ಲಿ ಅರ್ಧ ರಸ್ತೆ ಆಕ್ರಮಿಸುವ ಕೊಯ್ಲಿನ ಯಂತ್ರ, ಎತ್ತಿನ ಬಂಡಿ, ಕಂಬಳಿ ಹೊದ್ದ ಕುರುಬನ ಹಿಂದೆ ಸಾಗುವ ಕುರಿಹಿಂಡು, ಇವೆಲ್ಲವೂ ಆ ದಾರಿಗೆ ಹಕ್ಕುದಾರರೇ.

ಮಸ್ಕಿಯೆಂದರೆ ಬಲ್ಲವರಿಗೆ ಅಶೋಕನ ನೆನಪಾಗುತ್ತದೆ. ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರೊಬ್ಬರಾದ ಬೀಡನ್ ಎಂಬವರು ಅಲ್ಲಿನ ಬಂಡೆಯ ಮೇಲೆ ಕಂಡ ಶಾಸನದಲ್ಲಿ, ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೇ ಇದ್ದುದು ಇತಿಹಾಸಕಾರರ ದೊಡ್ಡದೊಂದು ಸಂಶಯವನ್ನು ಪರಿಹರಿಸಿತು. ಧರ್ಮದ ಫಲವು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಪ್ರಯತ್ನಶೀಲನಾದ ಸಣ್ಣವನೂ ಅದನ್ನು ಪಡೆಯಬಲ್ಲನೆಂಬುದು ಆ ಶಾಸನದ ತಾತ್ಪರ್ಯ. ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯ ಬದಿ ಆಲದ ಮರಗಳನ್ನು ನೆಡಿಸಿದುದಾಗಿ ಅದೇ ಅರಸನು ಬೇರೊಂದು ಶಾಸನದಲ್ಲಿ ಹೇಳಿಕೊಂಡಿದ್ದಾನೆ. ದಾರಿಯಲ್ಲಿ ಹೋಗುವವರ ಲೆಕ್ಕದಲ್ಲಿ ಪಶುಗಳನ್ನೂ ಸೇರಿಸಿದ ಆ ದೃಷ್ಟಿಯನ್ನು ಇಂದಿನ ಪ್ರಯಾಣಿಕನು ಎಷ್ಟರ ಮಟ್ಟಿಗೆ ಉಳಿಸಿಕೊಂಡಿದ್ದಾನೆ ಎಂಬ ಪ್ರಶ್ನೆ, ಅದೇ ಮಸ್ಕಿಯ ಸಮೀಪದಲ್ಲಿ, ಸಿಂಧನೂರಿನ ಒಂದು ಮನೆತನದ ಎದುರು ಬಂದು ನಿಂತಿತು.

ಆ ಮನೆಯ ಹಿರಿಯರದು ಭತ್ತದ ದಲಾಲಿ ಅಂಗಡಿ. ಅರವತ್ತು ದಾಟಿದ ವಯಸ್ಸು. ಸೂರ್ಯಾಸ್ತದ ಅನಂತರ ಆಹಾರ ಮುಟ್ಟದ ನಿಯಮ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಹೊಸದೊಂದು ಕಾರನ್ನು ಕೊಂಡು ಊರಿಗೆ ತಂದನು. ಅದರ ಮುಂಗಾಜಿನ ಮೇಲ್ಭಾಗದಲ್ಲಿ ಒಂದು ಕ್ಯಾಮೆರಾ, ಮುಂಭಾಗದಲ್ಲಿ ಒಂದು ರಾಡಾರ್. ಕ್ಯಾಮೆರಾ ರಸ್ತೆಯ ಬಿಳಿ ಗೆರೆಗಳನ್ನು ಗುರುತಿಸುತ್ತದೆ. ರಾಡಾರ್ ಮುಂದಿನ ವಾಹನದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಇಂಡಿಕೇಟರ್ ಹಾಕದೆ ಕಾರು ಗೆರೆಯನ್ನು ದಾಟತೊಡಗಿದರೆ ಎಚ್ಚರಿಕೆಯ ಸದ್ದಾಗುತ್ತದೆ. ಅಷ್ಟರಲ್ಲೂ ಚಾಲಕನು ತಿದ್ದಿಕೊಳ್ಳದಿದ್ದರೆ ಸ್ಟಿಯರಿಂಗ್ ತಾನೇ ಸ್ವಲ್ಪ ತಿರುಗಿ ಕಾರನ್ನು ಮತ್ತೆ ಪಥದೊಳಕ್ಕೆ ತರುತ್ತದೆ. ಮುಂದಿನ ವಾಹನಕ್ಕೆ ಬಡಿಯುವ ಸಂಭವ ಕಂಡರೆ ಬ್ರೇಕು ತಾನೇ ಬೀಳುತ್ತದೆ. ೨೦೦೧ರ ಸುಮಾರಿಗೆ ಜಪಾನಿನ ಕಾರುಗಳಲ್ಲಿ ಕಾಣಿಸಿಕೊಂಡ ಪಥರಕ್ಷಣೆಯ ಈ ವಿದ್ಯೆ, ೨೦೨೦ರ ಬಳಿಕ ಭಾರತದಲ್ಲಿ ಮಧ್ಯಮವರ್ಗದವರು ಕೊಳ್ಳಬಹುದಾದ ಕಾರುಗಳಿಗೂ ಇಳಿದುಬಂದಿದೆ.

ಆ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಚಾಲಕನಾಗಿರುವವನು ಮೊದಲ ದಿನ ಹೊಸ ಕಾರನ್ನು ಕಾಲುವೆಯವರೆಗೆ ಓಡಿಸಿ ಬಂದು ಹೇಳಿದ ಮಾತು ಇದು: “ಸಾವ್ಕಾರ್ರ, ನನ್ನ ಕೈ ಮ್ಯಾಲ ಇನ್ನೊಬ್ಬರು ಕೈ ಇಟ್ಟಂಗ ಆಗ್ತದರೀ. ನಿದ್ದಿ ಬಂದಾಗ ಛಲೋ ಅನಸ್ತದ. ಎಚ್ಚರ ಇದ್ದಾಗ ಯಾಕೋ ಅಂಜಿಕಿ ಬರ್ತದ.” ಮಗನು ನಕ್ಕು, “ಕಾಕಾ, ಅದು ನಿಮಗಿಂತ ಚೊಲೋ ನೋಡ್ತದ” ಎಂದನು. ಹಿರಿಯರು ಇಬ್ಬರ ಮಾತನ್ನೂ ಕೇಳಿ ಸುಮ್ಮನಿದ್ದರು.

ಕೆಲವು ದಿನಗಳ ಬಳಿಕ ಬಂಧುಗಳ ಗೃಹಪ್ರವೇಶಕ್ಕೆಂದು ಲಿಂಗಸುಗೂರಿಗೆ ಹೋದವರು ಹಿಂದಿರುಗುವಾಗ ತಡವಾಯಿತು. ಹೊತ್ತು ಮುಳುಗುವುದರೊಳಗೆ ಸಿಂಧನೂರು ಸೇರಿದರೆ ಮಾತ್ರ ತಂದೆಗೆ ಊಟ. ಕಾರನ್ನು ಮಗನೇ ಓಡಿಸುತ್ತಿದ್ದನು, ಪಕ್ಕದಲ್ಲಿ ತಂದೆ, ಹಿಂದಿನ ಆಸನದಲ್ಲಿ ಚಾಲಕ. ಆ ಭಾಗದಲ್ಲಿ ರಸ್ತೆ ಚೆನ್ನಾಗಿತ್ತು, ಬಿಳಿ ಗೆರೆಗಳು ಹೊಸದಾಗಿದ್ದವು. ಮಗನ ಒಂದು ಕೈ ಮಾತ್ರ ಸ್ಟಿಯರಿಂಗಿನ ಮೇಲೆ, ಅದೂ ಹಗುರವಾಗಿ, ಇತ್ತು. ಮಸ್ಕಿ ಇನ್ನೂ ಕೆಲವು ಮೈಲಿ ಇರುವಾಗ ರಸ್ತೆಯ ಎಡ ಅಂಚಿನಲ್ಲಿ ಒಂದು ಕುರಿಹಿಂಡು ಅದೇ ದಿಕ್ಕಿಗೆ ಸಾಗುತ್ತಿತ್ತು. ಮುಂದೆ ಒಬ್ಬ ಮುದುಕ, ಹಿಂದೆ ಹತ್ತು ಹನ್ನೆರಡು ವರ್ಷದ ಅವನ ಮೊಮ್ಮಗ.

ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ. ಆದುದರಿಂದ ಮಗನು ಹಿಂಡಿಗೆ ಜಾಗ ಬಿಡಲೆಂದು ಕಾರನ್ನು ಬಲಕ್ಕೆ ಸರಿಸಿದನು. ಖಾಲಿ ರಸ್ತೆಯಲ್ಲಿ ಇಂಡಿಕೇಟರ್ ಯಾರಿಗಾಗಿ ಹಾಕಬೇಕು? ಹಾಕಲಿಲ್ಲ. ಕಾರಿನ ನಡು ಗೆರೆಯ ಮೇಲೆ ಬರುತ್ತಿದ್ದಂತೆ ಸದ್ದಾಯಿತು; ಸ್ಟಿಯರಿಂಗ್ ಎಡಕ್ಕೆ ಎಳೆಯಿತು. ಬಲವಾಗಿ ಹಿಡಿದಿದ್ದರೆ ಆ ಎಳೆತವನ್ನು ಮೀರುವುದು ಯಾವ ಕೈಗೂ ಕಷ್ಟವಲ್ಲ. ಆದರೆ ಹಗುರವಾಗಿದ್ದ ಕೈ ಬೆಚ್ಚಿತು; ಅರೆಗಳಿಗೆ ಆ ಕಾರಿಗೆ ಇಬ್ಬರು ಒಡೆಯರಾದರು. ಮಗನು ಬ್ರೇಕು ಒತ್ತುವಷ್ಟರಲ್ಲಿ ಹಿಂಡಿನ ಅಂಚಿನಲ್ಲಿದ್ದ ಒಂದು ಮರಿಗೆ ಕಾರಿನ ಮೂಲೆ ಬಡಿದಿತ್ತು. ಮರಿಯನ್ನು ಎಳೆದುಕೊಳ್ಳಲು ಹಾರಿದ ಹುಡುಗ ಡಾಂಬರಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡನು.

ಮರಿ ಅಲ್ಲಿಯೇ ಪ್ರಾಣ ಬಿಟ್ಟಿತು. ಮುದುಕನು ಮೊದಲು ನೋಡಿದ್ದು ಮೊಮ್ಮಗನ ಮುಖವನ್ನು. “ಹೋಗ್ಲಿ ಬಿಡ್ರೀ ಎಪ್ಪಾ, ಹುಡುಗ ಉಳದಾನಲ್ಲ” ಎಂದನು. ಹುಡುಗನನ್ನೂ ಅಜ್ಜನನ್ನೂ ಅದೇ ಕಾರಿನಲ್ಲಿ ಮಸ್ಕಿಗೆ ಕರೆತಂದು ಕೈಗೆ ಪಟ್ಟಿ ಹಾಕಿಸಿದರು. ಹಿಂಡನ್ನು ಕಾಯಲು ಚಾಲಕನು ರಸ್ತೆಯ ಬದಿಯಲ್ಲೇ ಉಳಿದನು. ಮರಿಯ ಬೆಲೆಯನ್ನು ಮುದುಕನು ಕೇಳಿದಷ್ಟು ಕೊಟ್ಟದ್ದಾಯಿತು. ಲೆಕ್ಕ ಅಲ್ಲಿಗೆ ಮುಗಿಯಿತು, ವಿಷಯ ಮುಗಿಯಲಿಲ್ಲ.

ರಾತ್ರಿ ಮನೆಯಲ್ಲಿ ಮಗನು, “ಅಪ್ಪಾಜಿ, ನಾನು ಬಲಕ್ಕ ತಿರುಗಿಸಿದ್ನಿ. ಗಾಡಿ ಎಡಕ್ಕ ಎಳೀತು. ಇದರಾಗ ನನ್ನ ತಪ್ಪೇನದ?” ಎಂದನು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಅಷ್ಟು ಜೋರು ಯಾಕ ಹೊಂಟಿದ್ದಿ?” ಎಂದು ಕೇಳಿದರು. “ನಿಮ್ಮ ಊಟದ ಹೊತ್ತು ಮೀರಬಾರದಂತ.” ತಂದೆ ಹೇಳಿದರು: “ಹಂಗಾದ್ರ ನಿಂದು ಎಷ್ಟದನೋ ನಂದೂ ಅಷ್ಟ ಅದ. ಜೀವ ಉಳೀಲಿ ಅಂತ ಹಿಡದ ನಿಯಮ ಅದು. ಅದರ ಅವಸರದಾಗ ಒಂದು ಜೀವ ಹೋತು. ನಾನು ಒಂದು ಮಾತು ‘ಸಾವಕಾಶ ಹೋಗು’ ಅನ್ನಲಿಲ್ಲ.”

ಈ ಸಂಭಾಷಣೆಯಲ್ಲಿ ಇಡೀ ಪ್ರಶ್ನೆಯೇ ಅಡಗಿದೆ. ಯಂತ್ರವು ತಪ್ಪು ಮಾಡಿತೇ? ಅದು ತನಗೆ ವಿಧಿಸಿದ ನಿಯಮವನ್ನು ಪಾಲಿಸಿತು. ಇಂಡಿಕೇಟರ್ ಇಲ್ಲದೆ ಗೆರೆ ದಾಟುವವನು ನಿದ್ರೆಯಲ್ಲಿದ್ದಾನೆ ಅಥವಾ ಮೈಮರೆತಿದ್ದಾನೆ ಎಂಬುದು ಅದಕ್ಕೆ ಕಲಿಸಿದ ಪಾಠ. ಎಚ್ಚರವಾಗಿದ್ದು ದಯೆಯಿಂದ ಗೆರೆ ದಾಟುವವನೂ ಇರಬಹುದೆಂಬುದು ಅದಕ್ಕೆ ಗೊತ್ತಾಗುವುದು ಇಂಡಿಕೇಟರಿನ ಸನ್ನೆಯಿಂದ, ಇಲ್ಲವೇ ಸ್ಟಿಯರಿಂಗಿನ ಮೇಲಿನ ದೃಢವಾದ ಹಿಡಿತದಿಂದ. ಈ ಎರಡೂ ಅಂದು ಇರಲಿಲ್ಲ. ಯಂತ್ರವು ಗೆರೆಯನ್ನು ಕಂಡಿತು, ಮರಿಯನ್ನು ಕಾಣಲಿಲ್ಲ. ಮನುಷ್ಯನು ಮರಿಯನ್ನು ಕಂಡನು, ಆದರೆ ಕಂಡದ್ದಕ್ಕೆ ತಕ್ಕಷ್ಟು ಕೈಯನ್ನು ಬಿಗಿ ಮಾಡಲಿಲ್ಲ, ಕಾಲನ್ನು ಸಡಿಲಿಸಲಿಲ್ಲ.

ಹಿಂಸೆಯೆಂದರೆ ಪ್ರಾಣಹಾನಿ ಮಾತ್ರವಲ್ಲ, ಪ್ರಮಾದದ ಯೋಗದಿಂದ ಆಗುವ ಪ್ರಾಣಹಾನಿ ಎಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿ ಆಚಾರ್ಯರು ಲಕ್ಷಣ ಹೇಳಿರುವುದು ಸ್ವಾಧ್ಯಾಯ ಮಾಡುವವರಿಗೆಲ್ಲ ತಿಳಿದಿದೆ. ಅಮೃತಚಂದ್ರಸೂರಿಗಳು ಇದನ್ನೇ ಇನ್ನಷ್ಟು ವಿಸ್ತರಿಸಿ, ಯತ್ನಪೂರ್ವಕವಾಗಿ ನಡೆಯುವವನಿಂದ ಆಕಸ್ಮಿಕವಾಗಿ ಜೀವ ಹೋದರೂ ಅವನಿಗೆ ಹಿಂಸೆಯ ದೋಷವಿಲ್ಲ. ಪ್ರಮಾದದಲ್ಲಿರುವವನ ಮುಂದೆ ಜೀವ ಸಾಯಲಿ ಬಿಡಲಿ, ಹಿಂಸೆ ನಡೆದೇ ಇರುತ್ತದೆ ಎಂದು ವಿವೇಚಿಸಿದ್ದಾರೆ. ಇದನ್ನು ಒಪ್ಪಿದರೆ, ಕೈ ಸಡಿಲಬಿಟ್ಟು ಅದೇ ದಾರಿಯಲ್ಲಿ ಯಾವ ಅಪಘಾತವೂ ಇಲ್ಲದೆ ಮನೆ ಸೇರಿದ ನೂರು ದಿನಗಳೂ ನಿರ್ದೋಷವಾದವುಗಳಲ್ಲ. ಅಪಘಾತವಾದ ದಿನ ಪ್ರಮಾದವು ಹುಟ್ಟಲಿಲ್ಲ, ಅದು ಬೆಳಕಿಗೆ ಬಂದಿತಷ್ಟೇ.

ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದಕ್ಕೆ ಸಮ್ಮತಿಸುವುದು, ಅಂದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ಕರ್ಮವು ಬರುತ್ತದೆ ಎಂಬ ವಿಚಾರವೂ ಇಲ್ಲಿ ಹೊಸ ಅರ್ಥವನ್ನು ಪಡೆಯುತ್ತದೆ. ಯಂತ್ರಕ್ಕೆ ಸಂಕಲ್ಪವಿಲ್ಲ, ಕಷಾಯವಿಲ್ಲ. ಆದ್ದರಿಂದ ಪಾಪವೂ ಇಲ್ಲ. ಗುಂಡಿ ಒತ್ತಿ ಕೆಲಸವನ್ನು ಯಂತ್ರಕ್ಕೆ ವಹಿಸಿದವನದು ಕಾರಿತ. ಪಕ್ಕದಲ್ಲಿ ಕುಳಿತು ವೇಗವನ್ನು ಸಹಿಸಿದವನದು ಅನುಮೋದಿತ. ಹೊಣೆಯನ್ನು ಹಂಚಿದ ಮಾತ್ರಕ್ಕೆ ಅದು ಕರಗಿಹೋಗುವುದಿಲ್ಲ. ಪ್ರತಿಯೊಬ್ಬರ ಪಾಲಿಗೂ ಅದು ಇಡಿಯಾಗಿಯೇ ಬರುತ್ತದೆ. ಆ ತಂದೆಗೆ ಅಂದು ಹೊಳೆದದ್ದು ಇದೇ.

ಇದೇ ಪ್ರಶ್ನೆ ಸಮುದ್ರದಾಚೆಗೂ ಎದ್ದಿದೆ. ೨೦೧೮ರ ಮಾರ್ಚ್ ೧೮ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ, ತಾನೇ ಚಲಿಸುವ ಕಾರಿನ ಪರೀಕ್ಷೆ ನಡೆಯುತ್ತಿದ್ದಾಗ, ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಆ ಕಾರಿಗೆ ಸಿಕ್ಕಿ ಮರಣ ಹೊಂದಿದರು. ಬಡಿಯುವುದಕ್ಕೆ ಐದು ಸೆಕೆಂಡಿಗೂ ಮೊದಲೇ ಯಂತ್ರವು ಏನೋ ಒಂದನ್ನು ಕಂಡಿತ್ತು; ಅದು ವಾಹನವೋ ಸೈಕಲ್ಲೋ ಮತ್ತೇನೋ ಎಂಬುದನ್ನು ಮಾತ್ರ ನಿರ್ಧರಿಸಲಾರದೆ ಹೋಯಿತು. ದಾಟುವ ಸ್ಥಳವಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದೆಂಬ ಎಣಿಕೆಯೇ ಅದರ ರಚನೆಯಲ್ಲಿ ಇರಲಿಲ್ಲ. ಮೇಲ್ವಿಚಾರಣೆಗೆಂದು ಚಾಲಕಸ್ಥಾನದಲ್ಲಿ ಕುಳಿತಿದ್ದವರು ತಮ್ಮ ಫೋನನ್ನು ನೋಡುತ್ತಿದ್ದರು. ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿಯು ೨೦೧೯ರಲ್ಲಿ ಇದನ್ನು ಮುಖ್ಯ ಕಾರಣವೆಂದು ಹೇಳಿತಾದರೂ, ಯಂತ್ರವನ್ನು ನಂಬಿ ಮೈಮರೆಯುವ ಮನುಷ್ಯಸ್ವಭಾವಕ್ಕೆ ತಕ್ಕ ಏರ್ಪಾಟನ್ನು ಮಾಡದಿದ್ದ ಸಂಸ್ಥೆಯ ಲೋಪವನ್ನೂ, ರಾಜ್ಯದ ಮೇಲ್ವಿಚಾರಣೆಯ ಕೊರತೆಯನ್ನೂ ಎತ್ತಿ ತೋರಿಸಿತು. ೨೦೨೩ರಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾದವರು ಮಾತ್ರ ಆ ಒಬ್ಬ ಮೇಲ್ವಿಚಾರಕಿ. ನ್ಯಾಯಾಲಯಕ್ಕೆ ಒಬ್ಬ ಆರೋಪಿ ಸಾಕು, ಅಂತಃಕರಣಕ್ಕೆ ಸಾಲದು.

ಹಾಗೆಂದು ಈ ಸಾಧನಗಳನ್ನು ಹಳಿಯುವುದು ನ್ಯಾಯವಲ್ಲ. ಮಸ್ಕಿಯ ಒಬ್ಬ ವೈದ್ಯರು, ಹಿಂದಿನ ದೀಪವೇ ಇಲ್ಲದ ಭತ್ತದ ಟ್ರ್ಯಾಕ್ಟರನ್ನು ತಾವು ಕಾಣುವ ಮೊದಲೇ ತಮ್ಮ ಕಾರು ಕಂಡು ನಿಂತುದನ್ನು ಕೃತಜ್ಞತೆಯಿಂದ ನೆನೆಯುತ್ತಾರೆ. ಲಿಂಗಸುಗೂರಿನ ಬಾಡಿಗೆ ಕಾರಿನ ಚಾಲಕನೊಬ್ಬನು, ಮದುವೆಯ ಹಂಗಾಮಿನಲ್ಲಿ ಎರಡು ರಾತ್ರಿ ನಿದ್ರೆಗೆಟ್ಟು ಬರುತ್ತಿದ್ದಾಗ ಗೆರೆಯ ಸದ್ದೇ ತನ್ನನ್ನು ಎಬ್ಬಿಸಿತೆಂದು ಹೇಳುತ್ತಾನೆ. ಆ ಸದ್ದು ಅವನನ್ನು ಎಬ್ಬಿಸಿತು. ಗಾಡಿಯನ್ನು ಬದಿಗೆ ನಿಲ್ಲಿಸಿ ಒಂದು ತಾಸು ಮಲಗಿದ್ದು ಅವನ ವಿವೇಕ. ಭಾರತದಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ೪,೬೧,೩೧೨ ರಸ್ತೆ ಅಪಘಾತಗಳಾಗಿ ೧,೬೮,೪೯೧ ಜನ ಅಸುನೀಗಿದರು. ಅವರಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿ ಪಾದಚಾರಿಗಳು. ಇಷ್ಟು ಸಾವುಗಳ ನಡುವೆ ಒಂದು ಜೀವವನ್ನಾದರೂ ಉಳಿಸುವ ಸಾಧನವನ್ನು ಅಹಿಂಸೆಯನ್ನು ನಂಬಿದವರು ಬೇಡವೆನ್ನಲಾರರು.

ಆದರೆ ಸಾಧನದ ಮಿತಿಯನ್ನು ಅರಿಯುವುದು ಅಗತ್ಯ. ವಾಹನಗಳ ಸ್ವಯಂಚಾಲನೆಯನ್ನು ತಜ್ಞರು ಸೊನ್ನೆಯಿಂದ ಐದರವರೆಗೆ ಆರು ಹಂತಗಳಲ್ಲಿ ವಿಂಗಡಿಸಿದ್ದಾರೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಕಾರುಗಳ ಸಹಾಯಕ ವ್ಯವಸ್ಥೆ ಒಂದು ಅಥವಾ ಎರಡನೆಯ ಹಂತದ್ದು. ಈ ಹಂತಗಳಲ್ಲಿ ಹೊಣೆಯೆಲ್ಲವೂ ಚಾಲಕನದೇ, ಯಂತ್ರವು ಸಹಾಯಕ ಮಾತ್ರ. ಗೆರೆ ಅಳಿಸಿದಲ್ಲಿ, ಅದರ ಮೇಲೆ ಕೆಸರು ಮೆತ್ತಿದಲ್ಲಿ, ಮಳೆ ಜೋರಾಗಿ ಸುರಿಯುವಲ್ಲಿ ಕ್ಯಾಮೆರಾ ಕುರುಡಾಗಬಹುದು; ಆಗ ಪಥರಕ್ಷಣೆಯು ಫಲಕದ ಮೇಲಿನ ಒಂದು ಸಣ್ಣ ಗುರುತನ್ನು ಬದಲಿಸಿ ಮೌನವಾಗಿ ಹಿಂದೆ ಸರಿಯುತ್ತದೆ. ಮೇಲಾಗಿ, ಯಂತ್ರಕ್ಕೆ ಲೋಕಜ್ಞಾನ ಬರುವುದು ತೋರಿಸಿದ ಚಿತ್ರಗಳಿಂದ. ಶಿಸ್ತಿನ ರಸ್ತೆಗಳ ಚಿತ್ರಗಳನ್ನು ನೋಡಿ ಕಲಿತ ಯಂತ್ರಕ್ಕೆ ನಮ್ಮ ರಸ್ತೆಗಳು ಅಪರಿಚಿತವೆಂಬುದನ್ನು ಮನಗಂಡು, ಹೈದರಾಬಾದಿನ ತಂತ್ರಜ್ಞಾನ ಸಂಸ್ಥೆಯೊಂದರ ಸಂಶೋಧಕರು ೨೦೧೮ರಲ್ಲಿ ಹೈದರಾಬಾದು ಬೆಂಗಳೂರುಗಳ ರಸ್ತೆಗಳಿಂದ ಸುಮಾರು ೧೦,೦೦೦ ಚಿತ್ರಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಆಟೋರಿಕ್ಷಾಕ್ಕೂ ಪ್ರಾಣಿಗಳಿಗೂ ಬೇರೆ ಬೇರೆ ವರ್ಗಗಳನ್ನು ಕಲ್ಪಿಸಬೇಕಾಯಿತು. ಅಶೋಕನ ಶಾಸನದಲ್ಲಿ ಪಶುಗಳಿಗಿದ್ದ ಸ್ಥಾನ ಯಂತ್ರದ ಪಾಠದಲ್ಲೂ ದೊರೆಯತೊಡಗಿರುವುದು ಸಮಾಧಾನದ ಸಂಗತಿ. ಆದರೆ ಪಾಠ ಇನ್ನೂ ಮುಗಿದಿಲ್ಲ.

ಈ ವಿಷಯ ನಮ್ಮ ಮಂದಿರಗಳ ವಿಶ್ವಸ್ತ ಮಂಡಳಿಗಳಿಗೂ ಸಂಬಂಧಿಸಿದೆ. ಮುನಿಗಳೂ ಆರ್ಯಿಕೆಯರೂ ವಿಹಾರ ಮಾಡುವುದು ಇವೇ ಹೆದ್ದಾರಿಗಳ ಅಂಚಿನಲ್ಲಿ. ಈರ್ಯಾಸಮಿತಿಯನ್ನು ಪಾಲಿಸುವ ಸಾಧುಗಳು ನಾಲ್ಕು ಮೊಳ ನೆಲವನ್ನು ನೋಡುತ್ತ, ಇರುವೆಯೊಂದಕ್ಕೂ ಬಾಧೆಯಾಗದಂತೆ ಹೆಜ್ಜೆ ಇಡುತ್ತಾರೆ. ಅವರ ಹಿಂದಿನಿಂದ ಬರುವ ವಾಹನದವನು ತನ್ನ ಕಣ್ಣುಗಳನ್ನೇ ಯಂತ್ರಕ್ಕೆ ಒಪ್ಪಿಸಿರುತ್ತಾನೆ. ವಿಹಾರದಲ್ಲಿ ವಾಹನಗಳಿಗೆ ಸಿಕ್ಕು ತ್ಯಾಗಿಗಳು ಪ್ರಾಣ ಕಳೆದುಕೊಂಡ ದುಃಖವನ್ನು ಸಮಾಜವು ಒಂದಕ್ಕಿಂತ ಹೆಚ್ಚು ಬಾರಿ ಅನುಭವಿಸಿದೆ. ಸಂಘದ ಹಿಂದೆ ಮುಂದೆ ಹೊಳೆಯುವ ಪಟ್ಟಿಯ ಅಂಗಿ ತೊಟ್ಟ ಶ್ರಾವಕರು ನಡೆಯುವುದು, ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಗುವುದು, ಯಾತ್ರೆಯ ಬಸ್ಸಿನ ಚಾಲಕನಿಗೆ ಊಟದಷ್ಟೇ ನಿದ್ರೆಗೂ ವ್ಯವಸ್ಥೆ ಮಾಡುವುದು, ಸುಗ್ಗಿಗೆ ಮೊದಲು ಟ್ರ್ಯಾಕ್ಟರು ಬಂಡಿಗಳ ಹಿಂದೆ ಪ್ರತಿಫಲಕ ಪಟ್ಟಿಗಳನ್ನು ಉಚಿತವಾಗಿ ಅಂಟಿಸುವುದು, ಇವು ಹೆಚ್ಚು ಹಣ ಬೇಡದ ಜೀವದಯೆಯ ಕಾರ್ಯಗಳು. ಪಂಜರಾಪೋಳಕ್ಕೆ ದಾನ ಕೊಡುವ ಕೈ ಇಂಥದಕ್ಕೂ ಒದಗಬೇಕು.

ಸಿಂಧನೂರಿನ ಆ ಮನೆಯಲ್ಲಿ ಕಾರು ಇಂದಿಗೂ ಇದೆ. ಪಥರಕ್ಷಣೆಯನ್ನೂ ಅವರು ತೆಗೆಸಿಹಾಕಿಲ್ಲ. ಬದಲಾದುದು ಕೆಲವು ಅಭ್ಯಾಸಗಳು. ಖಾಲಿ ರಸ್ತೆಯಲ್ಲೂ ಮಗನು ಈಗ ಇಂಡಿಕೇಟರ್ ಹಾಕುತ್ತಾನೆ. ಹಿಂಡು ಕಂಡರೆ ಪಕ್ಕಕ್ಕೆ ಸರಿಯುವ ಮೊದಲು ವೇಗವನ್ನು ಇಳಿಸುತ್ತಾನೆ. ಎರಡೂ ಕೈಗಳು ಸ್ಟಿಯರಿಂಗಿನ ಮೇಲಿರುತ್ತವೆ. ತಂದೆ ಪ್ರಯಾಣದ ದಿನ ಮಧ್ಯಾಹ್ನವೇ ಊಟ ಮುಗಿಸಿ, ಸಂಜೆಯ ಆಹಾರದ ಆಸೆಯನ್ನೇ ಬಿಟ್ಟು ಹೊರಡುತ್ತಾರೆ. ಹಾಗಾಗಿ ಕಾರಿನಲ್ಲಿ ಯಾರಿಗೂ ಅವಸರವಿರುವುದಿಲ್ಲ. ಹುಡುಗನ ಕೈ ಕೂಡಿದೆ. ಆದರೆ ಚಳಿಗಾಲದಲ್ಲಿ ನೋಯುತ್ತದೆಯಂತೆ. ಮಸ್ಕಿಯ ಸಂತೆಯಲ್ಲಿ ಸಿಕ್ಕಾಗಲೆಲ್ಲ ಆ ಮುದುಕನು ಹಿರಿಯರಿಗೆ ಕೈಮುಗಿಯುತ್ತಾನೆ. ಕೈಮುಗಿಸಿಕೊಳ್ಳುವ ಯೋಗ್ಯತೆ ತಮಗಿಲ್ಲವೆಂದು ಹಿರಿಯರು ಅವನಿಗಿಂತ ಮೊದಲೇ ಕೈಮುಗಿಯಲು ಕಲಿತಿದ್ದಾರೆ.

ಧರ್ಮವು ಸಣ್ಣವನಿಗೂ ಪ್ರಯತ್ನದಿಂದ ಸಾಧ್ಯವೆಂದು ಮಸ್ಕಿಯ ಬಂಡೆ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಸಾರುತ್ತಿದೆ. ಆ ಪ್ರಯತ್ನವನ್ನು ನಮ್ಮ ಪರವಾಗಿ ಮಾಡಬಲ್ಲ ಯಂತ್ರ ಇನ್ನೂ ಬಂದಿಲ್ಲ. ರಸ್ತೆಯ ಗೆರೆಯನ್ನು ಅದು ಕಾಯಲಿ. ಗೆರೆಯ ಆಚೆ ಈಚೆ ನಡೆಯುವ ಜೀವಗಳನ್ನು ಕಾಯುವ ಹೊಣೆ ಚಕ್ರ ಹಿಡಿದವನದು, ಅವನ ಪಕ್ಕದಲ್ಲಿ ಕುಳಿತವನದು.